ಸೀರಿಯಸ್, ಅಡ್ಮಿಟ್, ಕಂಡೀಷನ್

ಮೊದಲೇ ಹೇಳಿಬಿಡುತ್ತೇನೆ, ಅವನಿಗೆ ಏನೂ ಆಗಿರಲಿಲ್ಲ. ಕೆಮ್ಮು ಕೂಡ ಇರಲಿಲ್ಲ. ಉದಗೀರದ ತನ್ನ ಮನೆಯಲ್ಲಿ ಕೂತು, ಯಾರದೋ ಅಂಗಡಿಯ ಕೆಟ್ಟುಹೋದ ತೂಕದ ಕಾಟಾ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅದೇ ಹೊತ್ತಿಗೆ ಅಪ್ಪ, ಅವ್ವ, ಮಾಮಾ ಮತ್ತು ನಾನು, ಅವನ ಜೀವ ಹೋಗುವುದರೊಳಗೆ ಮುಖ ನೋಡಬೇಕೆಂದು ಬಾಡಿಗೆಯ ಜೀಪಿನಲ್ಲಿ ನಿಲಂಗಾ ದಾಟುತ್ತಿದ್ದೆವು.

ಇದನ್ನು ಕೊನೆಯವರೆಗೆ ಮುಚ್ಚಿಟ್ಟು ಹೇಳುವುದು ಮಾಮಾನ ಪದ್ಧತಿ. ಬಸುರಿಯ ಕುಬಸವಿರಲಿ, ಕೂಸಿನ ಜಾವಳವಿರಲಿ, ನಾಲ್ಕು ಜನ ಸೇರಿದ ಕೂಡಲೇ ಅವನು ಈ ಕಥೆ ತೆಗೆಯುತ್ತಾನೆ. ಪ್ರತಿ ಸಲವೂ ಅದು ಇನ್ನಷ್ಟು ನುಣ್ಣಗಾಗಿರುತ್ತದೆ. ಅವನ ಕಥೆಯಲ್ಲಿ ನಾನು ಉಮರ್ಗಾದಿಂದ ಉದಗೀರದವರೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಲೇ ಇದ್ದೇನೆ. ಆ ದಿನ ನಾನು ಸೀರೆಯನ್ನೇ ಉಟ್ಟಿರಲಿಲ್ಲ! ಚೂಡಿದಾರ್ ಹಾಕಿದ್ದೆ, ಬೆರಳಿಗೆಲ್ಲ ಬೋರ್ಡಿನ ಮಾರ್ಕರ್ ಮಸಿ ಮೆತ್ತಿತ್ತು. ಮಸಿಯನ್ನಂತೂ ಖಂಡಿತ ನಂಬುತ್ತೇನೆ. ಉಳಿದದ್ದರಲ್ಲಿ ಎಷ್ಟು ನನ್ನ ನೆನಪು, ಎಷ್ಟು ಮಾಮಾನದು ಎಂದು ಬೇರ್ಪಡಿಸುವುದು ಈಗ ಕಷ್ಟ. ದಾರಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟಿತ್ತು ಎನ್ನುತ್ತದೆ ನನ್ನ ತಲೆ. ಅವ್ವನನ್ನು ಕೇಳಿದರೆ, ಅದು ಸೋಯಾಬೀನ್ ರಾಶಿಯ ಕಾಲ, ತೊಗರಿ ಇನ್ನೂ ಹಸಿರಿತ್ತು ಎನ್ನುತ್ತಾಳೆ. ಇರಲಿ. ಹೂ ಬಿಟ್ಟಿರಲಿ, ಬಿಡದಿರಲಿ, ಜೀಪು ಮಾತ್ರ ಓಡಿದ್ದು ಖರೆ.

ಓಡಿಸಿದ್ದು ಮೂರು ಇಂಗ್ಲಿಷ್ ಪದಗಳು.

ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಹೈವೇ ಮೇಲೆ ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದೇ ಕೋಣೆ. ಕೆಳಗಿನಿಂದ ಯೂರಿಯಾದ ಘಾಟು, ಹೊರಗಿನಿಂದ ಲಾರಿ ಹಾರ್ನು, ಒಳಗೆ ಮರಾಠಿ, ಕನ್ನಡ, ಉರ್ದು ಮೂರೂ ಕಲಸಿ ಮಾತಾಡುವ ಹುಡುಗ ಹುಡುಗಿಯರು. ನಮ್ಮೂರು ತುರೋರಿಯಿಂದ ದಿನವೂ ಬಸ್ಸಿನಲ್ಲಿ ಬಂದು ಪಾಠ ಮಾಡಿ ಹೋಗುತ್ತಿದ್ದೆ. ಆ ಕೋಣೆಯನ್ನು ನಾನೇ ಹುಡುಕಿದ್ದು, ಬಣ್ಣ ನಾನೇ ಹಚ್ಚಿದ್ದು. ಅದಕ್ಕೇ, ಉದಗೀರದವರು ನನ್ನನ್ನು ನೋಡಲು ತುರೋರಿಗೆ ಬಂದಾಗ ನಾನು ಕೇಳಿದ್ದು ಒಂದೇ ಮಾತು.

ಹುಡುಗ, ಅವನ ತಾಯಿ, ಅವನ ಅಕ್ಕ ಬಂದಿದ್ದರು. ಅವರೂ ನಮ್ಮ ಹಾಗೆಯೇ ಕನ್ನಡದವರು, ಲಿಂಗ ಕಟ್ಟಿದವರು. ಚಹಾ ಆಯಿತು, ಚೂಡಾ ಆಯಿತು. "ಏನರ ಕೇಳೂದಿದ್ರ ಕೇಳವ್ವ," ಎಂದಳು ಅವನ ತಾಯಿ. ಕೇಳಬಾರದು ಎನ್ನುವ ಅರ್ಥದಲ್ಲಿಯೇ ಈ ಮಾತನ್ನು ಆಡುತ್ತಾರೆ. ನಾನು ಕೇಳಿಬಿಟ್ಟೆ.

"ಲಗ್ನ ಆದ ಮ್ಯಾಲೂ ನಾ ಉಮರ್ಗಾದಾಗ ಕ್ಲಾಸ್ ನಡಸಬೌದೇನ್ರಿ?"

ಅವನು ಬಸಿಯಲ್ಲಿದ್ದ ಚಹಾ ನೋಡಿದ. ಅವನ ತಾಯಿ ನಕ್ಕು, "ಅದರದೇನ ಈಗ ಅವಸರ, ನೋಡೂಣಂತ," ಎಂದಳು.

ನಮ್ಮ ಕಡೆ 'ನೋಡೂಣಂತ' ಎಂದರೆ ಇಲ್ಲ ಎಂದೇ. ಹೊಲ ಮಾರುತ್ತೀರಾ ಎಂದು ಕೇಳಿದವನಿಗೂ ನೋಡೂಣಂತ, ಜಾತ್ರೆಗೆ ಹೊಸ ಬಟ್ಟೆ ಬೇಡಿದ ಹುಡುಗಿಗೂ ನೋಡೂಣಂತ. ಆದ್ದರಿಂದ ನಾನೂ ಹೂಂ ಅನ್ನಲಿಲ್ಲ. ಉಹೂಂ ಅನ್ನಲಿಕ್ಕೂ ಆಗಲಿಲ್ಲ, ಯಾಕೆಂದರೆ ಹೋಗುವಾಗ ಅವನು ಬಾಗಿಲಲ್ಲಿ ನಿಂತು ನನ್ನ ಕಡೆ ಒಂದು ಸಲ ನೋಡಿದ್ದ. ಆ ನೋಟದಲ್ಲಿ ಏನೋ ಹೇಳಬೇಕೆಂದಿದ್ದು ಬಾಯಿಗೆ ಬಾರದ ಒದ್ದಾಟವಿತ್ತು. ಇದ್ದಿತೋ, ನಾನೇ ಇಟ್ಟೆನೋ. ಅಂತೂ ದಿನಗಳು ಹೋದವು. ಅಪ್ಪ ಬೆಳಗಾದರೆ, "ಹೂಂ ಅನ್ನು, ಇಲ್ಲಾ ಉಹೂಂ ಅನ್ನು, ನಡುವ ಜೋತಾಡಬ್ಯಾಡ," ಎನ್ನುತ್ತಿದ್ದ. ನಾನು ಬಸ್ಸು ಹತ್ತಿ ಕ್ಲಾಸಿಗೆ ಹೋಗುತ್ತಿದ್ದೆ.

ಆ ದಿನದ ಪಾಠ, ಒಂದು ಪದಕ್ಕೆ ಹಲವು ಅರ್ಥ. ಇದನ್ನು ಮಾಮಾ ತನ್ನ ಕಥೆಗೆ ಸೇರಿಸುವುದಿಲ್ಲ, ಅವನಿಗೆ ಗೊತ್ತೇ ಇಲ್ಲ. ನಾನು ಹೇಳಿದಾಗಲೂ, "ಇದ ನೀ ಆಮ್ಯಾಲ ಹಚ್ಚಿದ್ದು," ಎಂದ. ಇಲ್ಲ, ಖರೆ. ಪುಸ್ತಕದಲ್ಲಿದ್ದ ನದಿಯ ದಂಡೆ, ಹಣದ ಬ್ಯಾಂಕು ನನಗೆ ಸಾಕಾಗಿತ್ತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಮಂದಿ ಆಡುವ ಇಂಗ್ಲಿಷ್ ಪದ ತನ್ನಿ ಎಂದು ಹೇಳಿದ್ದೆ. ತಂದರು! ಕೋಣೆ ಸಂತೆಯಾಯಿತು.

"ಮ್ಯಾಡಮ್, ಲೈನ್ ರೀ! ಲೈನ್ ಹೋತು ಅಂದ್ರ ಕರೆಂಟ್ ಹೋತು."

"ರೇಶನ್ ಅಂಗಡಿ ಮುಂದ ನಿಂದ್ರತಾರಲ್ರಿ, ಅದೂ ಲೈನ್."

"ನಮ್ಮ ಅಣ್ಣ ಮೊದಲ ಡ್ರೈವರ್ ಇದ್ದ, ಈಗ ಬ್ಯಾರೆ ಲೈನಿಗೆ ಹೋಗ್ಯಾನ್ರಿ."

"ಇಂವಾ ಬಸ್‌ಸ್ಟ್ಯಾಂಡಿನಾಗ ಲೈನ್ ಮಾರ್ತಾನ್ರಿ ಮ್ಯಾಡಮ್," ಎಂದು ಹಿಂದಿನ ಬೆಂಚಿನಿಂದ ಒಂದು ಕೂಗು. ಯಾರ ಕಡೆ ಬೆರಳು ಹೋಯಿತೋ ಆ ಹುಡುಗ ಕೂಗಿದವನ ಬೆನ್ನಿಗೆ ಗುದ್ದಿದ.

ಒಬ್ಬಳು ಎದ್ದು, "ಪಾಸಿಟಿವ್ ಅಂದ್ರ ಕೆಟ್ಟದ್ದು, ನೆಗೆಟಿವ್ ಅಂದ್ರ ಛಲೋದು," ಎಂದಳು. ಕೊರೊನಾದ ಕಾಲದಲ್ಲಿ ಅವಳ ಮನೆಯಲ್ಲಿ ಕಲಿತ ಇಂಗ್ಲಿಷ್ ಅದು. ಇನ್ನೊಬ್ಬಳು ಬಹಳ ಗಂಭೀರವಾಗಿ, "ನಮ್ಮ ಕಾಕಾಗ ಬಾಟಲ್ ಹಚ್ಯಾರ್ರಿ," ಎಂದಳು. ಸಲೈನ್ ಏರಿಸಿದ್ದಾರೆ ಎಂದರ್ಥ.

"ಅಯ್ಯ, ಯಾಕ? ಏನಾಗ್ಯಾದ?"

"ಬಾಟಲ್ ಹೊಡದಿದ್ರಿ, ಅದಕ್ಕ."

ಎಲ್ಲಿಂದಲೋ ಹೊರಟ ಪದಗಳು ಹಡಗು, ರೈಲು, ಬಸ್ಸು ಹತ್ತಿ ಬಂದು, ಉಮರ್ಗಾದಲ್ಲಿ ಇಳಿದು, ನಮ್ಮ ಮನೆಗಳಿಗೆ ನುಗ್ಗಿ, ನಮ್ಮ ರೊಟ್ಟಿ ತಿಂದು, ನಮ್ಮ ಹಾಗೆಯೇ ಆಗಿಬಿಟ್ಟಿದ್ದವು. ಬೋರ್ಡು ತುಂಬಿ ಗೋಡೆಯ ಮೇಲೂ ಬರೆಯುತ್ತಿದ್ದೆ. ಫೋನು ಚೀಲದಲ್ಲಿ ಗುರುಗುಟ್ಟಿದ್ದು ಕೇಳಲಿಲ್ಲ. ಅಪ್ಪನೇ ಮಾಳಿಗೆ ಮೆಟ್ಟಿಲು ಹತ್ತಿ ಬಂದ. ಅವನು ಕ್ಲಾಸಿಗೆ ಬಂದದ್ದು ಅದೇ ಮೊದಲು.

"ಬ್ಯಾಗ್ ತಗೋ, ನಡಿ."

"ಎಲ್ಲಿಗಪ್ಪಾ? ಕ್ಲಾಸ್ ನಡದದ."

"ಉದಗೀರಕ್ಕ. ಹುಡುಗ ಸೀರಿಯಸ್ ಅದಾನಂತ."

ಹುಡುಗರು ಪೆನ್ನು ಕೆಳಗಿಟ್ಟರು. ಈ ಪದ ಗೊತ್ತಿಲ್ಲದ ಮಗುವೇ ನಮ್ಮ ಸೀಮೆಯಲ್ಲಿ ಇಲ್ಲ. ಇಲ್ಲಿ ಓದುವ ಹುಡುಗ ಸೀರಿಯಸ್ ಅಲ್ಲ, ಅವನು ಮನಸ್ಸಿಟ್ಟು ಓದುವವನು. ಕಡಿಮೆ ಮಾತಾಡುವವನೂ ಸೀರಿಯಸ್ ಅಲ್ಲ, ಅವನು ಗುಮ್ಮ. ಸೀರಿಯಸ್ ಎಂದರೆ ಒಂದೇ ಅರ್ಥ: ಕುತ್ತಿಗೆಗೆ ಬಂದಿದೆ. 'ಸೀರಿಯಸ್ ಅದಾನಂತ' ಎಂಬ ಮಾತು ಬಂದರೆ ರಾಶಿ ಮಾಡುವವರು ಯಂತ್ರ ನಿಲ್ಲಿಸುತ್ತಾರೆ, ಮುಂಬಯಿಗೆ ಹೋದವರು ಬಸ್ಸು ಹತ್ತುತ್ತಾರೆ.

"ಏನಾಗ್ಯಾದಂತ?"

"ಏನಂತ ಗೊತ್ತಿಲ್ಲ. ಅವರ ಅಕ್ಕ ನಿಮ್ಮ ಮಾಮಾಗ ಫೋನ್ ಮಾಡಿದ್ಳಂತ. ಅಡ್ಮಿಟ್ ಮಾಡ್ಯಾರ. ಕಂಡೀಷನ್ ಏನಿಲ್ಲಂತ."

ಕಂಡೀಷನ್ ಏನಿಲ್ಲ! ಡಾಕ್ಟರು ಕೈ ಚೆಲ್ಲಿದಾಗ ಆಡುವ ಮಾತು ಅದು. ಬಾಟಲ್ ಹುಡುಗಿ ನನ್ನ ಕೈಯಿಂದ ಮಾರ್ಕರ್ ಬಿಡಿಸಿಕೊಂಡು, "ಮ್ಯಾಡಮ್, ನೀವು ಹೋಗ್ರಿ. ನಾವು ಫ್ಯಾನ್ ಬಂದ್ ಮಾಡಿ ಬಾಗಲಾ ಹಾಕ್ತೀವಿ," ಎಂದಳು.

ಈಗ ಅಂದುಕೊಂಡರೆ ರೋಮಾಂಚನ ಆಗುತ್ತದೆ. ಒಂದು ಪದಕ್ಕೆ ಎಷ್ಟು ಅರ್ಥ ಎಂದು ಗೋಡೆಯ ಮೇಲೆ ಬರೆಯುತ್ತ ನಿಂತವಳು ನಾನು. ಆ ಮೂರೂ ಪದಗಳ ಬೇರೆ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಒಂದೂ ತಲೆಗೆ ಬರಲಿಲ್ಲ. ಭಯ ಬಂದ ಕೂಡಲೇ ನಾನು ತುರೋರಿಯವಳಾದೆ, ಪದವೂ ತುರೋರಿಯದಾಯಿತು.

ಉದಗೀರದ ಅಕ್ಕ ನಿಜವಾಗಿ ಹೇಳಿದ್ದೇನು ಎಂಬುದನ್ನು ನಾವು ಆಮೇಲೆ ಅವಳಿಂದ, ಮಾಮಾನಿಂದ, ಅಪ್ಪನಿಂದ ತುಂಡು ತುಂಡಾಗಿ ಕೇಳಿ ಜೋಡಿಸಿದೆವು. ಅವಳು ಕೆಲವು ವರ್ಷ ಪುಣೆಯಲ್ಲಿ ನೌಕರಿ ಮಾಡಿದವಳು. ಅವಳ ಇಂಗ್ಲಿಷ್ ಪದಗಳಿಗೆ ಪುಣೆಯ ಗಾಳಿ ತಾಗಿದೆ. ಕಾಸಾರಶಿರಸಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಮಾಮಾನೇ ಈ ಸಂಬಂಧಕ್ಕೆ ನಡುವಿನವನು. ಅವನಿಗೆ ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು: "ಹುಡುಗ ಸೀರಿಯಸ್ ಅದಾನ್ರೀ. ನನ್ನ ಮುಂದ ಎಲ್ಲಾ ಅಡ್ಮಿಟ್ ಮಾಡ್ಯಾನ. ಅವನದೇನೂ ಕಂಡೀಷನ್ ಇಲ್ಲ. ನೀವು ಲಗೂನ ಏನರ ತಿಳಸ್ರಿ."

ಎಂದರೆ, ಹುಡುಗ ಮನಸ್ಸು ಮಾಡಿದ್ದಾನೆ, ತನಗೆ ಹುಡುಗಿ ಹಿಡಿಸಿದ್ದಾಳೆ ಎಂದು ಒಪ್ಪಿಕೊಂಡಿದ್ದಾನೆ, ಕೊಡುವುದು ತರುವುದು ಅಂತ ಯಾವ ಶರತ್ತೂ ಇಲ್ಲ. ಅವಳ 'ಮಾಡ್ಯಾನ' ಮಾಮಾನ ಕಿವಿಯಲ್ಲಿ 'ಮಾಡ್ಯಾರ' ಆಯಿತು, ಅಷ್ಟೇ. ಒಂದು ಅಕ್ಷರ. ಉಳಿದದ್ದನ್ನು ಪದಗಳು ತಾವೇ ಮಾಡಿಕೊಂಡವು.

ಜೀಪಿನ ಹತ್ತಿರ ಅವ್ವ ಆಗಲೇ ನಿಂತಿದ್ದಳು, ಕೈಯಲ್ಲಿ ಮಠದ ವಿಭೂತಿಯ ಪುಡಿಕೆ. ನೋಡಿ ಹೋದ ಹುಡುಗ, ನಮ್ಮ ಮನೆಯಲ್ಲಿ ಚಹಾ ಕುಡಿದವನು, ಹೋಗದೆ ಇರುವುದು ಹೇಗೆ ಎಂದು ಅಪ್ಪನ ಲೆಕ್ಕ. ಅವ್ವನ ಭಯ ಬೇರೆ.

"ಹುಡುಗಿ ನೋಡಿ ಹ್ವಾದಾಂವ ಮಲಗಿದ ಅಂತಾರ ಮಂದಿ. ಇಕಿ ಕಾಲ್ಗುಣ ಅಂತಾರ. ಮತ್ತ್ಯಾರ ಬರ್ತಾರ ನಮ್ಮ ಬಾಗಲಕ್ಕ?"

"ಸುಮ್ಮ ಕೂಡು," ಎಂದ ಅಪ್ಪ. "ಮೊದಲ ಅಂವಾ ಬದಕಲಿ."

ಕಾಸಾರಶಿರಸಿಯಲ್ಲಿ ಮಾಮಾ ಹತ್ತಿದ. ಎರಡು ಚೀಲ ಅವನ ಕೈಯಲ್ಲಿ. ಒಂದರಲ್ಲಿ ಮೋಸಂಬಿ. ಇನ್ನೊಂದನ್ನು ಸೀಟಿನ ಕೆಳಗೆ ತಳ್ಳಿದ. ಅವ್ವ ಕಾಲಿನಿಂದ ಮುಟ್ಟಿ ನೋಡಿ, "ಅದೇನೋ?" ಎಂದಳು.

"ಏನಿಲ್ಲ."

"ಏನಿಲ್ಲ ಅಂದ್ರೇನ?"

ಮಾಮಾ ತಗ್ಗಿದ ದನಿಯಲ್ಲಿ, "ಬಿಳಿ ಧೋತರ," ಎಂದ. ಸತ್ತವರಿಗೆ ಹೊದಿಸಲು ಒಯ್ಯುವ ಹೊಸ ಬಟ್ಟೆ. ಅವ್ವ ಅವನ ತೊಡೆಗೆ ಬಡಿದಳು. "ಥೂ ನಿನ್ನ! ಬಾಯಾಗ ಮಣ್ಣ ಹಾಕ!"

"ಅಕ್ಕಾ, ನಾ ಅಂಗಡ್ಯಾಂವ. ಇದ್ರ ಮೋಸಂಬಿ ಕೊಡೂದು, ಇಲ್ಲಾಂದ್ರ ಇದು. ಹೊಸ ಊರಾಗ ಅವೇಳ್ಯಾಗ ಎಲ್ಲಿ ಹುಡಕ್ಲಿ?"

ಈಗ ನಾನು ಅತ್ತೆನೋ ಇಲ್ಲವೋ ಎಂಬ ಪ್ರಶ್ನೆ. ನನ್ನ ನೆನಪು ಹೇಳುವುದೇ ಬೇರೆ. ಮೊದಲು ನನಗೆ ಒಂದು ಹಗುರ ಅನಿಸಿತು. ಅವನೇ ಇಲ್ಲವಾದರೆ ಹೂಂ ಬೇಡ, ಉಹೂಂ ಬೇಡ, ನಾಳೆ ಬೆಳಿಗ್ಗೆ ಎಂದಿನಂತೆ ಬಸ್ಸು, ಮಾಳಿಗೆ, ಬೋರ್ಡು. ಆ ಯೋಚನೆ ಒಂದು ಹೊಲ ದಾಟುವಷ್ಟು ಹೊತ್ತು ಇತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಆ ಮುಖ ಬಂತು. ಏನು ಹೇಳಬೇಕೆಂದಿದ್ದ? ಹೇಳದೆಯೇ ಹೋಗುತ್ತಾನಾ? ಸಿಟ್ಟು ಬಂತು ನನಗೆ. ಅವನ ಮೇಲೆ ಸಿಟ್ಟು, ಅವನ ಬಸಿಯ ಮೇಲೆ ಸಿಟ್ಟು. ಜೀಪು ಕುಣಿದಾಗಲೆಲ್ಲ, ಬದುಕು, ಬದುಕಿ ಉತ್ತರ ಕೊಡು, ಎಂದು ಹಲ್ಲು ಕಚ್ಚುತ್ತಿದ್ದೆ. ಇದನ್ನು ಪ್ರೀತಿ ಎನ್ನಬೇಕೆಂದು ಮಾಮಾ ಹಟ ಹಿಡಿಯುತ್ತಾನೆ. ನಾನು ಇನ್ನೂ ಅದಕ್ಕೆ ಪದ ಹುಡುಕುತ್ತಿದ್ದೇನೆ.

ನಿಲಂಗಾ ದಾಟಿದ ಮೇಲೆ ಫೋನು ಹತ್ತಿತು. ರೇಂಜು ಬರುತ್ತಿತ್ತು, ಹೋಗುತ್ತಿತ್ತು. ಮಾಮಾ ಸ್ಪೀಕರ್ ಹಾಕಲಿಲ್ಲ, ಕಿವಿಗೆ ಒತ್ತಿಹಿಡಿದು ನಮಗೆ ಅಲ್ಲಲ್ಲೇ ಸುದ್ದಿ ಹೇಳುತ್ತಿದ್ದ.

"ಹ್ಯಾಂಗ ಅದಾನ್ರಿ ಈಗ? ... ಊಟ ಇಲ್ಲಂತ. ನಿದ್ದಿ ಇಲ್ಲಂತ. ... ಹಾಂ? ಹೊಂಟೀವ್ರಿ, ದಾರ್ಯಾಗ ಇದ್ದೀವಿ. ... ಹೌದು, ಎಲ್ಲಾರೂ. ... ಹುಡುಗೀನೂ ಬರ್ಲಾಕತ್ಯಾಳ."

ಆ ಕಡೆಯಿಂದ ಒಂದು ಚೀತ್ಕಾರ. ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು.

"ಅಳ್ಲಾಕತ್ಯಾಳ," ಎಂದ ಮಾಮಾ, ಮುಖ ಕಪ್ಪಾಗಿ. ಮತ್ತೆ ಫೋನಿಗೆ, "ಯಾವ ದವಾಖಾನಿ ಅಕ್ಕಾರ? ... ಹಾಂ? ... ಹಾಂ." ಫೋನು ತೊಡೆಯ ಮೇಲಿಟ್ಟ. "ಮನಿಗೇ ಬರ್ರಿ ಅಂದ್ಳು."

ದವಾಖಾನೆಯಿಂದ ಮನೆಗೆ ತಂದಿದ್ದಾರೆ ಎಂದರೆ ಏನೆಂದು ಡ್ರೈವರನಿಗೂ ಗೊತ್ತಿತ್ತು. ಅವನು ಹಾಡು ಬಂದ್ ಮಾಡಿದ. ಅಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಮಾಮಾ ನಿಧಾನವಾಗಿ ಬಗ್ಗಿ ಸೀಟಿನ ಕೆಳಗಿನ ಚೀಲವನ್ನು ಮೇಲೆ ತೆಗೆದುಕೊಂಡ. ಮೋಸಂಬಿ ಕೆಳಗೆ ಹೋಯಿತು.

ಉದಗೀರದಲ್ಲಿ ಅವರ ಓಣಿ ಇಕ್ಕಟ್ಟು. ಜೀಪು ಬಾಯಲ್ಲೇ ನಿಂತಿತು, ನಾವು ನಡೆದೆವು. ಮನೆಯ ಮುಂದೆ ಚಪ್ಪಲಿಗಳ ಗುಡ್ಡೆ. ಹೆಂಗಸರು ಒಳಗೆ ಹೊರಗೆ. ಅವ್ವ ಆ ಚಪ್ಪಲಿ ಗುಡ್ಡೆ ನೋಡಿದವಳೇ, "ಅಯ್ಯಯ್ಯೋ ನನ್ನಪ್ಪಾ! ಬಾಳೂ ವಯಸಿನಾಗ ಹ್ವಾದೆಲ್ಲೋ!" ಎಂದು ಎದೆ ಬಡಿದುಕೊಂಡಳು. ಅದೇ ಕ್ಷಣಕ್ಕೆ ಬಾಗಿಲಲ್ಲಿ ಅವನ ಅಕ್ಕ ಕಾಣಿಸಿಕೊಂಡಳು. ತಲೆಯಲ್ಲಿ ಹೂ, ಕೈಯಲ್ಲಿ ದೀಪ ಹಚ್ಚಿದ ಆರತಿಯ ತಾಟು.

ಆರತಿ ನಿಂತಿತು. ಅವ್ವನ ದನಿಯೂ ನಿಂತಿತು. ಎರಡೂ ಒಂದನ್ನೊಂದು ನೋಡಿದವು.

ಆಮೇಲೆ ಅವಳ ಹಿಂದಿನಿಂದ ಅವನು ಬಂದ. ಕೈಯಲ್ಲಿ ಕಾಟಾದ ಪರಡಿ, ಆ ತೂಕದ ತಟ್ಟೆ, ಕೆನ್ನೆಗೆ ಗ್ರೀಸು. ನಮ್ಮೆಲ್ಲರ ಮುಖ ನೋಡಿ ಅವನೇ ಬಿಳಿಚಿಕೊಂಡ.

"ಯಾರ ಹ್ವಾದ್ರಿ?" ಎಂದು ಕೇಳಿದ.

"ನೀನು!" ಎಂದ ಮಾಮಾ.

ಅಕ್ಕನಿಗೆ ಏನೂ ತಿಳಿಯಲಿಲ್ಲ. ಅವಳ ಕಣ್ಣು ಮಾಮಾ ಎದೆಗೆ ಅವಚಿಕೊಂಡಿದ್ದ ಚೀಲದ ಮೇಲೆ ಬಿತ್ತು. ಅದರ ಬಾಯಲ್ಲಿ ಹೊಸ ಬಟ್ಟೆಯ ಅಂಚು. "ಅಯ್ಯ, ಆಹೇರನೂ ತಂದೀರೇನ್ರಿ ಮಾಮಾ! ಇಷ್ಟ್ಯಾಕ ಮಾಡಾಕ ಹೋದ್ರಿ?" ಎಂದು ಉಡುಗೊರೆ ಇಸಿದುಕೊಳ್ಳಲು ಕೈ ಹಾಕಿದಳು. ಮಾಮಾ ಬಿಡಲಿಲ್ಲ. ಅವಳು ನಾಚಿಕೆ ಇರಬೇಕೆಂದು ಇನ್ನಷ್ಟು ಜಗ್ಗಿದಳು. ಅವನು ಅದನ್ನು ಬೆನ್ನ ಹಿಂದೆ ಒಯ್ದು ಗೋಡೆಗೆ ಒರಗಿ ನಿಂತ. "ಇದಲ್ರೀ ನಮ್ಮವ್ವ, ಇದಲ್ಲ! ಮೋಸಂಬಿ ಅವ, ಜೀಪಿನಾಗ ಅವ, ಅವು ನಿಮ್ಮೂ!"

ಎಷ್ಟು ಹೊತ್ತಿಗೆ ಗೊತ್ತಾಯಿತೋ ಹೇಳಲಾರೆ. ಮೊದಲು ಯಾರು ನಕ್ಕರು ಎಂಬುದಕ್ಕೂ ಮನೆಯಲ್ಲಿ ಮೂರು ಮತಗಳಿವೆ. ಮಾಮಾ ಮತ್ತು ಅಕ್ಕ ಅಂಗಳದಲ್ಲಿ ನಿಂತು ಮಾಡಿದ ಜಗಳ ಮಾತ್ರ ನನಗೆ ಮಾತು ಮಾತಿಗೆ ನೆನಪಿದೆ, ಯಾಕೆಂದರೆ ಅಷ್ಟು ಒಳ್ಳೆಯ ಇಂಗ್ಲಿಷ್ ಪಾಠ ನಾನು ಈವರೆಗೆ ಮಾಡಿಲ್ಲ.

"ಸೀರಿಯಸ್ ಅದಾನ ಅಂದ್ರಿ ನೀವು!"

"ಹೌದು ಮತ್ತ, ಸೀರಿಯಸ್ ಅದಾನಲ್ರೀ! ಮನಸಿನಿಂದ ಖರೇನ ಅದಾನಂತ."

"ಹಂಗಾರ ಖರೇನ ಅನಬೇಕಿತ್ತು! ಅಡ್ಮಿಟ್ ಅಂದ್ರೆಲ್ಲ?"

"ಹುಡುಗಿ ಪಸಂದ ಅದಾಳಂತ ಕಬೂಲ್ ಮಾಡ್ಯಾನಂತ ಹೇಳಿದ್ದು!"

"ಕಬೂಲ್ ಅನ್ಲಾಕ ಬಾಯಾಗ ಏನ ಹುಣ್ಣಾಗಿತ್ತು? ಕಂಡೀಷನ್?"

"ಶರತ್ ಇಲ್ಲ ಅಂತರೀ ಮಾಮಾ! ನಮಗೇನೂ ಬ್ಯಾಡ, ಬರೇ ಹುಡುಗಿ ಸಾಕಂತ!"

"ಊಟ ಇಲ್ಲ, ನಿದ್ದಿ ಇಲ್ಲ ಅಂದ್ರಿ?"

"ಅದು ಖರೇನ ಇಲ್ಲ," ಎಂದಳು ಅಕ್ಕ, ತಮ್ಮನ ಕಡೆ ಬೆರಳು ಮಾಡಿ. ಅವನು ಪರಡಿಯಿಂದ ಮುಖ ಮುಚ್ಚಿಕೊಂಡ. ಓಣಿಯೆಲ್ಲ ನಕ್ಕಿತು. ಅವ್ವ ನಗುತ್ತ ಅಳುತ್ತ ಅವನ ಹಣೆಗೆ ಇಡೀ ಪುಡಿಕೆ ವಿಭೂತಿ ಬಳಿದಳು.

ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಬದುಕಿದ್ದಾನೆ! ಗ್ರೀಸು ಮೆತ್ತಿಕೊಂಡು, ಪೂರ್ತಿ, ಬದುಕಿದ್ದಾನೆ! ಆದರೆ ಆ ನಗುವಿನ ನಡುವೆಯೇ ಮಾತು ಬೇರೆ ದಿಕ್ಕಿಗೆ ಹೊರಳುತ್ತಿತ್ತು. ಅವನ ತಾಯಿ ಅವ್ವನ ಕೈ ಹಿಡಿದು ಒಳಗೆ ಕರೆದೊಯ್ಯುತ್ತ, "ಹುಡುಗಿ ಓಡಿ ಬಂದಾಳ್ರಿ! ಇನ್ನೇನ ಕೇಳೂದದ?" ಎಂದಳು. ನೆರೆಮನೆಯವಳು ಮರಾಠಿಯಲ್ಲಿ, "ಮಗ ತೋಂಡ ಗೋಡ ಕರಾ," ಎಂದಳು, ಬಾಯಿ ಸಿಹಿ ಮಾಡಿರಿ ಎಂದು. ಯಾರೋ ಸಕ್ಕರೆ ತಂದರು. ಯಾರೋ ತೆಂಗಿನಕಾಯಿ ತಂದರು. ಬಂದೇ ಬಂದಿದ್ದಾರೆ, ಹಿರಿಯರೂ ಇದ್ದಾರೆ, ಸಾಖರಪುಡಾ ಈಗಲೇ ಮುಗಿಸಿಬಿಡೋಣ ಎಂದು ಅಪ್ಪನೂ ಮಾಮಾನೂ ತಲೆಯಾಡಿಸುತ್ತಿದ್ದರು. ನಮ್ಮ ಕಡೆ ಆ ಸಕ್ಕರೆ ಬಾಯಿಗೆ ಬಿದ್ದರೆ ನಿಶ್ಚಯ ಮುಗಿದ ಹಾಗೆ. ಆಮೇಲೆ ಹಿಂದೆ ಸರಿದವರು ಇಲ್ಲ.

ನಾನು ಕೂತ ಚಾಪೆಯ ಕಡೆ ಸಕ್ಕರೆಯ ಬಟ್ಟಲು ಬರುತ್ತಿತ್ತು. ಒಂದು ತಪ್ಪು ಕಿವಿಗೆ, ಮೂರು ಪದಕ್ಕೆ, ನನ್ನ ಮಾಳಿಗೆ ಹೋಗುತ್ತಿತ್ತು. ಫ್ಯಾನ್ ಬಂದ್, ಬಾಗಿಲು ಹಾಕಿದ್ದು ಹಾಕಿದ ಹಾಗೇ.

"ನಂದು ಕಂಡೀಷನ್ ಅದ," ಎಂದೆ.

ಬಟ್ಟಲು ನಿಂತಿತು. ಅವನ ತಾಯಿ ನನ್ನ ಹಣೆ ಮುಟ್ಟಿ ನೋಡಿದಳು. "ಏನ ಕಂಡೀಷನವ್ವಾ, ಬಿಪಿ ಏನ?"

ಆ ಪದವನ್ನು ಅಲ್ಲೇ ಬಿಟ್ಟೆ. ಇನ್ನು ಮೇಲೆ ಒಂದೂ ಇಂಗ್ಲಿಷ್ ಪದ ಬಳಸಬಾರದು ಎಂದು ನಿರ್ಧರಿಸಿ ಅವನ ಕಡೆ ತಿರುಗಿದೆ. ತಾಯಿಯ ಕಡೆ ಅಲ್ಲ, ಅಪ್ಪನ ಕಡೆಯೂ ಅಲ್ಲ. "ನಮ್ಮ ಮನ್ಯಾಗ ನಾ ಒಂದ ಮಾತ ಕೇಳಿದ್ದೆ. ನೀವು ಚಾ ನೋಡಿದ್ರಿ. ಅದೇ ಮಾತ ಈಗ ಮತ್ತ ಕೇಳ್ತೀನಿ. ಲಗ್ನ ಆದ ಮ್ಯಾಲ ಉಮರ್ಗಾದಾಗ ನನ್ನ," ಎಂದು ತಡವರಿಸಿದೆ. ಕ್ಲಾಸಿಗೆ ಬೇರೆ ಪದ ಇಲ್ಲ! ಶಾಲೆ ಅಲ್ಲ, ಶಿಕವಣಿ ಅಂದರೆ ಟ್ಯೂಷನ್ ಆಗುತ್ತದೆ, ಪಾಠ ಎಂದರೆ ಪುಸ್ತಕದ ಪಾಠ. "ನನ್ನ ಕ್ಲಾಸ್ ನಡೀಬೇಕು. ಆ ಮಾಳಗಿ ಖೋಲಿ, ಆ ಹುಡುಗೂರು, ದಿನಾ. ಅದು ಆದ್ರ ಸಕ್ರಿ, ಇಲ್ಲಾಂದ್ರ ನಾವು ಮೋಸಂಬಿ ಕೊಟ್ಟು ಹೋಗ್ತೀವಿ."

ಅಪ್ಪ, "ಏ ಹುಡುಗಿ," ಎಂದ. ಮಾಮಾ ಅವನ ಮೊಣಕೈ ಹಿಡಿದ.

ಅವನು ಪರಡಿ ಕೆಳಗಿಟ್ಟ. ಹಣೆಯ ಮೇಲೆ ಅಷ್ಟು ವಿಭೂತಿ, ಮಾತಾಡಿದರೆ ಉದುರುತ್ತಿತ್ತು. "ನಂದೇನೂ ಶರತ್ ಇಲ್ಲ ಅಂತ ಅಕ್ಕನ ಮುಂದ ಹೇಳ್ದಾಗ ಭಾಳ ದೊಡ್ಡ ಮಾತ ಹೇಳ್ದೆ ಅಂತ ಅನಸಿತ್ತು ನನಗ," ಎಂದ. "ನಿಮ್ದು ಇರಬೌದು ಅಂತ ಹೊಳೀಲೇ ಇಲ್ಲ. ಅವತ್ತ ಬಸೀ ನೋಡ್ಕೋತ ಕುಂತಾಗೂ ಹೊಳೀಲಿಲ್ಲ. ಬಾಗಲದಾಗ ಹೊಳೀತು. ಅಷ್ಟರಾಗ ಅವ್ವ ಚಪ್ಲಿ ಹಾಕ್ಕೊಂಡಿದ್ಳು."

ಹಾಗಾದರೆ ಆ ಬಾಗಿಲಿನ ನೋಟ ನಾನು ಕಟ್ಟಿದ್ದಲ್ಲ! ನನ್ನ ನೆನಪು ನಿಜವಾದದ್ದು ಇಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಬೇರೆ ಯಾವಾಗಲೂ ಇಲ್ಲ.

ಆಮೇಲೆ ಒಂದು ಸಣ್ಣ ಸಂತೆ. ಉದಗೀರದಿಂದ ದಿನಾ ಉಮರ್ಗಾಕ್ಕೆ ಹೋಗಿ ಬರುವುದು ಆಗದ ಮಾತು ಎಂದ ಅಪ್ಪ. ಉದಗೀರದಲ್ಲೇ ತೆಗಿ, ಇಲ್ಲೇನು ಹುಡುಗರಿಲ್ಲವೇ ಎಂದಳು ಅಕ್ಕ. ಇಲ್ಲಿನವರು ನನ್ನ ಹುಡುಗರಲ್ಲ ಎಂದೆ ನಾನು. ಕಾಟಾ ರಿಪೇರಿಗೆ ನಿಲಂಗಾ, ಕಾಸಾರಶಿರಸಿ, ಉಮರ್ಗಾ ಎಲ್ಲ ಅಡತಿ ಅಂಗಡಿಗಳಿಗೂ ತಾನು ಓಡಾಡುತ್ತಲೇ ಇರುತ್ತೇನೆ ಎಂದ ಅವನು. ನಿಲಂಗಾದಲ್ಲಿ ಮನೆ ಮಾಡಿದರೆ ಇಬ್ಬರಿಗೂ ಅರ್ಧ ದಾರಿ ಎಂಬ ಮಾತು ಯಾರ ಬಾಯಿಂದ ಬಂತು? ನಾನು ಅಂದೆ ಎನ್ನುತ್ತಾನೆ ಅವನು. ಅವನು ಅಂದ ಎನ್ನುತ್ತೇನೆ ನಾನು. ಮಾಮಾ ತಾನೇ ಅಂದೆ ಎಂದು ಈಗೀಗ ಹೇಳತೊಡಗಿದ್ದಾನೆ. ಮಾತಂತೂ ಬಂತು. ಬಂದ ಮೇಲೆ ಎಲ್ಲರೂ ಅವನ ತಾಯಿಯ ಕಡೆ ನೋಡಿದರು. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಒಂದು ಪಾತ್ರೆಯೂ ಜಾಗ ಬಿಟ್ಟು ಕದಲುವುದಿಲ್ಲ ಎಂದು ನನಗೂ ಅಷ್ಟು ಹೊತ್ತಿಗೆ ತಿಳಿದಿತ್ತು.

ಅವಳು ಸೆರಗು ಸರಿ ಮಾಡಿಕೊಂಡಳು. ಮಗನನ್ನು ನೋಡಿದಳು, ಅವನ ವಿಭೂತಿ ಮೆತ್ತಿದ ಮುಖ, ನಿದ್ದೆಗೆಟ್ಟ ಕಣ್ಣು. ನನ್ನನ್ನು ನೋಡಿದಳು.

"ನಡೀತದ," ಎಂದಳು.

ಇದು ಇಂಗ್ಲಿಷ್ ಪದ ಅಲ್ಲ. ಆದರೆ ನಮ್ಮ ಮಾತಿನಲ್ಲಿ ಇದಕ್ಕಿರುವಷ್ಟು ಅರ್ಥ ಯಾವ ಇಂಗ್ಲಿಷ್ ಪದಕ್ಕೂ ಇಲ್ಲ. ನಡೀತದ ಎಂದರೆ ಆಗಲಿ, ಒಪ್ಪಿದೆ. ನಡೀತದ ಎಂದರೆ ಹೇಗೋ ಹೊಂದಿಸಿಕೊಂಡರಾಯಿತು, ಈಗ ಮಾತು ಮುಗಿಸಿರಿ. ನಡೀತದ ಎಂದರೆ ಇಂಥವೆಲ್ಲ ನಾಲ್ಕು ದಿನ ನಡೆಯುತ್ತವೆ, ಆಮೇಲೆ ತಾವೇ ನಿಲ್ಲುತ್ತವೆ. ಅವಳ ಮುಖದಲ್ಲಿ ಮೂರೂ ಇದ್ದವು. ಅಪ್ಪ ಒಂದನ್ನು ಆರಿಸಿಕೊಳ್ಳುತ್ತಿದ್ದ, ಮಾಮಾ ಇನ್ನೊಂದನ್ನು, ಅಕ್ಕ ಆಗಲೇ ಬಟ್ಟಲು ಎತ್ತಿದ್ದಳು. ಯಾವ ಅರ್ಥ ಎಂದು ಕೇಳಿದರೆ ಅವಳು 'ನೋಡೂಣಂತ' ಎನ್ನುವಳೆಂದು ನನಗೆ ಗೊತ್ತಿತ್ತು.

ನಾನು ಎದ್ದು ನಿಂತು, ಹೊರಗೆ ಓಣಿಯವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. "ಕ್ಲಾಸ್ ನಡೀತದ ಅಂದ್ರು ಅತ್ತಿ! ಲಗ್ನ ಆದ ಮ್ಯಾಲೂ ನಡೀತದಂತ! ಎಲ್ಲಾರೂ ಕೇಳಿದ್ರಲ್ರೀ?"

"ಐಕಲಂ, ಐಕಲಂ!" ಎಂದಳು ಮರಾಠಿ ನೆರೆಯವಳು, ಕೇಳಿದೆವು ಎಂದು. ಓಣಿಯವರೂ ಹೂಂಗುಟ್ಟಿದರು. ಅತ್ತೆ ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಅವಳಿಗೇ ನಗು ಬಂತು. "ಭಾಳ ಶಾಣ್ಯಾಕಿ ಬಂದಾಳ," ಎಂದು ಮಗನಿಗೆ ಹೇಳಿ, ಬಟ್ಟಲಿನಿಂದ ಬೊಗಸೆ ಸಕ್ಕರೆ ತೆಗೆದಳು. ನಾನು ಬಾಯಿ ತೆರೆದೆ.